ನಲವತ್ತು ಚಾನೆಲ್‌ಗೆ ಹಾಕಿದ ಬೀಗ

ಮೊನ್ನೆ ಭಾನುವಾರ ಮೇಜಿನ ಮೇಲೆ ಎರಡು ರೇಡಿಯೋ ಬಿಚ್ಚಿಟ್ಟುಕೊಂಡು ಕೂತಿದ್ದೆ. ಒಂದು, ನಮ್ಮ ಸೋದರಮಾವ ಎಂಬತ್ತರ ದಶಕದಲ್ಲಿ ಅಮೆರಿಕದಿಂದ ವಾಪಸ್ ಬರುವಾಗ ಸ್ವೆಟರಿನಲ್ಲಿ ಸುತ್ತಿ ತಂದ ಸಿಬಿ ಸೆಟ್, ಕೇಳುವುದಷ್ಟೇ ಅಲ್ಲ ಮಾತಾಡುವುದಕ್ಕೂ ಬರುವ ರೇಡಿಯೋ. ಕಾರಿನ ಡ್ಯಾಶ್‌ಬೋರ್ಡ್ ಕೆಳಗೆ ಕೂರಿಸುವಂಥದ್ದು. ಸುರುಳಿ ವೈರಿನ ಮೈಕು, ಚಾನೆಲ್ ಬದಲಿಸಲು ದಪ್ಪನೆಯ ನಾಬ್, ಕೆಂಪಗೆ ಹೊಳೆಯುವ ಅಂಕಿಗಳು. ತಂದ ಮೇಲೆ ಅದನ್ನು ಯಾರೂ ಬಳಸಲಿಲ್ಲ. ಅಟ್ಟದ ಮೇಲೆ ಹಿತ್ತಾಳೆ ಪಾತ್ರೆಗಳ ಜೊತೆ ಮಲಗಿತ್ತು. ಇನ್ನೊಂದು, ಹ್ಯಾಮ್ (ಪರೀಕ್ಷೆ ಬರೆದು ಲೈಸೆನ್ಸ್ ಪಡೆದ ರೇಡಿಯೋ ಹವ್ಯಾಸಿ) ಗೆಳೆಯರೊಬ್ಬರು "ಸ್ವಲ್ಪ ನೋಡಿ ಕೊಡಿ ಸಾರ್" ಎಂದು ಬಿಟ್ಟುಹೋದ ಈಚಿನ 10 ಮೀಟರ್ (28 ಮೆಗಾಹರ್ಟ್ಜ್) ಸೆಟ್. ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿರುವ ಅಕ್ಕನ ಮಗ ಬಂದು ಎರಡನ್ನೂ ನೋಡಿದ.

"ಮಾಮ, ಎರಡೂ ಮಾಡೋ ಕೆಲಸ ಒಂದೇ ಅಂತೀರ. ಹಂಗಿದ್ರೆ ಹಳೇದ್ರಲ್ಲಿ ಯಾಕೆ ಇಷ್ಟೊಂದು ಸಾಮಾನು?"

ಒಳ್ಳೆಯ ಪ್ರಶ್ನೆ. ಹಳೆಯ ಬೋರ್ಡು ಬೇಳೆಕಾಳು ಹರಡಿದ ಮೊರದ ಹಾಗಿದೆ. ಬಣ್ಣದ ಪಟ್ಟಿಯ ರೆಸಿಸ್ಟರುಗಳು, ಕಿತ್ತಳೆ ಬಣ್ಣದ ಬಿಲ್ಲೆ ಕೆಪಾಸಿಟರುಗಳು, ನೆತ್ತಿಯಲ್ಲಿ ಹಳದಿ, ಬಿಳಿ, ಕಪ್ಪು ಸ್ಕ್ರೂ ಇರುವ ಪುಟ್ಟ ಲೋಹದ ಡಬ್ಬಿಗಳು. ಮನೆಯಲ್ಲಿ ಟ್ರಾನ್ಸಿಸ್ಟರ್ ರೇಡಿಯೋ ಬಿಚ್ಚಿ ಬೈಸಿಕೊಂಡವರಿಗೆ ಈ ಡಬ್ಬಿಗಳು ಗೊತ್ತು, ಐಎಫ್‌ಟಿ ಎನ್ನುತ್ತೇವೆ, ಒಳಗೆ ಶ್ರುತಿ ಮಾಡುವ ಕಾಯಿಲ್ ಇರುತ್ತದೆ. ಹೊಸದರಲ್ಲಿ ಇವೊಂದೂ ಕಣ್ಣಿಗೆ ಬೀಳುವುದಿಲ್ಲ. ಕರಿ ಚೌಕಗಳು ಮೂರ್ನಾಲ್ಕು, ಉಳಿದದ್ದೆಲ್ಲ ಸಾಸಿವೆಗಿಂತ ಸಣ್ಣ ಚುಕ್ಕೆಗಳು. ಈ ಎರಡು ಬೋರ್ಡುಗಳ ನಡುವಿನ ನಲವತ್ತು ವರ್ಷದಲ್ಲಿ ತಯಾರಿಕೆ ಬದಲಾಯಿತು, ಅದರ ಜೊತೆಗೆ ರೇಡಿಯೋ ಬಿಚ್ಚಿ ತಿದ್ದುವ ಹವ್ಯಾಸವೂ ಬದಲಾಯಿತು. ಅದು ಹೇಗೆ ಎಂದು ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಸಿಬಿ ಅಂದರೆ ಸಿಟಿಜನ್ಸ್ ಬ್ಯಾಂಡ್, ಜನಸಾಮಾನ್ಯರಿಗೆಂದು ಬಿಟ್ಟ ರೇಡಿಯೋ ಪಟ್ಟಿ. ಪರೀಕ್ಷೆ ಬರೆಯಬೇಕಿಲ್ಲ, ಮೋರ್ಸ್ ಕಲಿಯಬೇಕಿಲ್ಲ. ಮೈಕಿನ ಗುಂಡಿ ಒತ್ತಿ ಮಾತಾಡುವುದು, ಬಿಟ್ಟು ಕೇಳುವುದು. ಅಮೆರಿಕದಲ್ಲಿ 1958ರಲ್ಲಿ ಇದಕ್ಕೆ 27 ಮೆಗಾಹರ್ಟ್ಜ್ ಆಸುಪಾಸಿನಲ್ಲಿ ಜಾಗ ಕೊಟ್ಟರು. ಅಲ್ಲಿ ತರಂಗಾಂತರ ಹತ್ತಿರ ಹತ್ತಿರ 11 ಮೀಟರ್. ಮೊದಲು 23 ಚಾನೆಲ್ ಇದ್ದವು. 1973ರ ತೈಲ ಬಿಕ್ಕಟ್ಟಿನ ನಂತರ ಅಲ್ಲಿ ಹೆದ್ದಾರಿಗಳಲ್ಲಿ ಗಂಟೆಗೆ 55 ಮೈಲಿಯ ಮಿತಿ ಬಂತು. ಪೊಲೀಸರು ಎಲ್ಲಿ ಕಾದಿದ್ದಾರೆ, ಡೀಸೆಲ್ ಯಾವ ಬಂಕಿನಲ್ಲಿದೆ ಎಂದು ಲಾರಿ ಚಾಲಕರು ಒಬ್ಬರಿಗೊಬ್ಬರು ಹೇಳಿಕೊಳ್ಳಲು ಸಿಬಿ ಹಿಡಿದರು. ಅಲ್ಲಿಂದ ಅದು ಊರಿಗೆಲ್ಲ ಹಬ್ಬಿದ ಹುಚ್ಚಾಯಿತು. ಅಧ್ಯಕ್ಷ ಫೋರ್ಡರ ಪತ್ನಿ ಬೆಟ್ಟಿ ಫೋರ್ಡ್ ಕೂಡ "ಫಸ್ಟ್ ಮಾಮಾ" ಎಂಬ ಅಡ್ಡಹೆಸರಿನಲ್ಲಿ ಸಿಬಿಯಲ್ಲಿ ಮಾತಾಡಿದರು. 1977ರ ಜನವರಿ 1ರಿಂದ ಚಾನೆಲ್‌ಗಳು 40 ಆದವು: 26.965ರಿಂದ 27.405 ಮೆಗಾಹರ್ಟ್ಜ್. ಹೊರಹೋಗುವ ಶಕ್ತಿಗೆ ಎಎಮ್‌ನಲ್ಲಿ 4 ವ್ಯಾಟ್ ಮಿತಿ. 1983ರಲ್ಲಿ ಲೈಸೆನ್ಸ್ ಬೇಕೆಂಬ ನಿಯಮವನ್ನೂ ತೆಗೆದುಹಾಕಿದರು. ಅಷ್ಟರಲ್ಲಿ ಬಹಳ ಜನ ಅದಿಲ್ಲದೆಯೇ ಮಾತಾಡುತ್ತಿದ್ದರು.

ನಮ್ಮಲ್ಲಿ ಈ ಹುಚ್ಚು ಬರಲೇ ಇಲ್ಲ. ರೇಡಿಯೋ ಕೇಳುವುದಕ್ಕೂ ಅಂಚೆ ಕಚೇರಿಯಲ್ಲಿ ವರ್ಷ ವರ್ಷ ಶುಲ್ಕ ಕಟ್ಟಿ ಲೈಸೆನ್ಸ್ ಪುಸ್ತಕ ಇಟ್ಟುಕೊಳ್ಳಬೇಕಿದ್ದ ಕಾಲದಲ್ಲಿ ಮಾತಾಡುವ ರೇಡಿಯೋವನ್ನು ಯಾರು ಕೊಟ್ಟಾರು? 2005ರಲ್ಲಿ ಕೇಂದ್ರ ಸರ್ಕಾರ 26.957ರಿಂದ 27.283 ಮೆಗಾಹರ್ಟ್ಜ್ ಪಟ್ಟಿಯನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿತು. 5 ವ್ಯಾಟ್ ಮಿತಿ, ಆಂಟೆನಾ ಸೆಟ್ಟಿನಲ್ಲೇ ಇರಬೇಕು. ಈ ಅಂಕಿಗಳನ್ನು ಅಮೆರಿಕದ ಪಟ್ಟಿಯ ಪಕ್ಕ ಇಟ್ಟು ನೋಡಿ. ಅಮೆರಿಕದ 27ನೇ ಚಾನೆಲ್ 27.275, ಅದು ನಮ್ಮ ಗೆರೆಯ ಒಳಗೆ. 28ನೆಯದು 27.285, ಕೂದಲೆಳೆಯಷ್ಟು ಹೊರಗೆ. ಅಂದರೆ ಮಾವ ತಂದ ಸೆಟ್ಟಿನ ನಲವತ್ತರಲ್ಲಿ ಹದಿಮೂರು ಚಾನೆಲ್ ನಮ್ಮ ನಿಯಮದ ಆಚೆ. ಹೊರಗಿನ ಆಂಟೆನಾಗೆ ವೈರ್ ಎಳೆಯಬೇಕಾದ ಸೆಟ್ ಆದ್ದರಿಂದ ಉಳಿದ ಇಪ್ಪತ್ತೇಳೂ ಆಚೆಯೇ. ಜೊತೆಗೆ ಇದು ಯಾರಿಗೂ ರಕ್ಷಣೆಯಿಲ್ಲದ ಪಟ್ಟಿ. ಪಕ್ಕದ ಫಿಸಿಯೋಥೆರಪಿ ಕ್ಲಿನಿಕ್‌ನಲ್ಲಿ ಮಂಡಿನೋವಿಗೆ ಶಾಖ ಕೊಡುವ ಶಾರ್ಟ್‌ವೇವ್ ಡೈಯಾಥರ್ಮಿ ಯಂತ್ರ ಓಡುವುದು 27.12ರಲ್ಲೇ. ಅದು ಗುಂಯ್ ಎಂದು ನಿಮ್ಮ ಮಾತನ್ನು ಮುಚ್ಚಿದರೆ ದೂರು ಕೊಡುವಂತಿಲ್ಲ. ಅಂದಹಾಗೆ, ಈ ಪಟ್ಟಿ ನಿಮ್ಮ ಮನೆಗೂ ಬಂದಿರಬಹುದು. ಉದ್ದ ತಂತಿ ಆಂಟೆನಾದ ರಿಮೋಟ್ ಹಿಡಿದು ಮಕ್ಕಳು ಓಡಿಸುತ್ತಿದ್ದ ಹಳೆಯ ಆಟಿಕೆ ಕಾರುಗಳಲ್ಲಿ ಎಷ್ಟೋ 27 ಮೆಗಾಹರ್ಟ್ಜ್‌ನವು.

ಈಗ ಡಬ್ಬಿಯ ಒಳಗೆ. ರೇಡಿಯೋ ಒಂದು ಫ್ರೀಕ್ವೆನ್ಸಿಯಲ್ಲಿ ಅಲುಗಾಡದೆ ನಿಲ್ಲಬೇಕಾದರೆ ಅದಕ್ಕೊಂದು ಕ್ರಿಸ್ಟಲ್ ಬೇಕು. ಬೆಣಚುಕಲ್ಲಿನ ತೆಳು ಚೂರು, ಅದರ ದಪ್ಪಕ್ಕೆ ತಕ್ಕಂತೆ ಒಂದೇ ವೇಗದಲ್ಲಿ ಕಂಪಿಸುತ್ತದೆ. ಚಾನೆಲ್‌ಗೆ ಕಳಿಸಲೊಂದು ಕೇಳಲೊಂದು ಎಂದು ಹಾಕಿದರೆ 23 ಚಾನೆಲ್‌ಗೆ 46 ಕ್ರಿಸ್ಟಲ್ ಬೇಕಾಗುತ್ತಿತ್ತು, ಮತ್ತು ಕ್ರಿಸ್ಟಲ್ ಅಗ್ಗದ ಮಾಲಲ್ಲ. ಅದಕ್ಕೆ ತಯಾರಕರು ಒಂದು ಜಾಣ ಲೆಕ್ಕ ಮಾಡಿದರು. ಒಂದು ಗುಂಪಿನಲ್ಲಿ ಆರು, ಇನ್ನೊಂದರಲ್ಲಿ ನಾಲ್ಕು. ಎರಡು ಫ್ರೀಕ್ವೆನ್ಸಿ ಬೆರೆಸಿದರೆ ಅವು ಕೂಡಿ ಇಲ್ಲವೇ ಕಳೆದು ಹೊಸದೊಂದು ಹುಟ್ಟುತ್ತದೆ; ಎರಡೂ ಗುಂಪಿನಿಂದ ಒಂದೊಂದನ್ನು ಬೆರೆಸಿದರೆ 24 ಜೋಡಿ ಸಿಗುತ್ತವೆ. ಕಳಿಸಲು ಮತ್ತು ಕೇಳಲು ನಾಲ್ಕರ ಗುಂಪು ಬೇರೆ ಬೇರೆ, ಆರರದು ಒಂದೇ. ಒಟ್ಟು ಹದಿನಾಲ್ಕು ಕ್ರಿಸ್ಟಲ್‌ನಲ್ಲಿ 23 ಚಾನೆಲ್ ಮುಗಿಯಿತು, ಒಂದು ಜೋಡಿ ಮಿಕ್ಕಿತು ಕೂಡ. ಎರಡು ಪಂಚೆ ಮೂರು ಅಂಗಿ ಇದ್ದರೆ ಆರು ದಿನ ಬೇರೆ ಬೇರೆ ಕಾಣಿಸಿಕೊಳ್ಳಬಹುದಲ್ಲ, ಅದೇ ಲೆಕ್ಕ. ಆ ಕಾಲದಲ್ಲಿ ತಿದ್ದುವವನ ಕೆಲಸವೂ ಸರಳ: ಒಂದು ಕ್ರಿಸ್ಟಲ್ ಕಿತ್ತು ಬೇರೊಂದು ಕೂರಿಸಿದರೆ ಆ ಕ್ರಿಸ್ಟಲ್ ಸೇರುವ ಜೋಡಿಗಳೆಲ್ಲ ಬೇರೆ ಕಡೆ ಹೋಗುತ್ತವೆ. ಅಂದರೆ ಬೀಗ ಇದ್ದದ್ದು ಕಲ್ಲಿನ ಚೂರಿನಲ್ಲಿ.

ಚಾನೆಲ್ 40 ಆಗುವ ಹೊತ್ತಿಗೆ ಪಿಎಲ್‌ಎಲ್ (ಫೇಸ್-ಲಾಕ್ಡ್ ಲೂಪ್) ಬಂತು. ಹೆಸರು ಕೇಳಿ ಗಾಬರಿಯಾಗಬೇಕಿಲ್ಲ. ಮೃದಂಗ ಪಾಠ ಕೇಳಿದವರಿಗೆ ಅರ್ಥವಾಗುವ ವಿಷಯ. ಮೇಷ್ಟ್ರು ತೊಡೆಯ ಮೇಲೆ ಒಂದೇ ಸಮ ತಾಳ ಹಾಕುತ್ತಿದ್ದಾರೆ. ಚತುರಶ್ರ ನಡೆ ಎಂದರೆ ತಾಳದ ಒಂದು ಪೆಟ್ಟಿಗೆ ಶಿಷ್ಯ ನಾಲ್ಕು ಹೊಡೆತ ನುಡಿಸಬೇಕು. ಖಂಡ ನಡೆ ಎಂದರೆ ಐದು. ತಾಳ ಹಾಗೆಯೇ ಇದೆ, ಎಣಿಕೆ ಬದಲಾದರೆ ಶಿಷ್ಯನ ಕೈಯ ವೇಗ ಬದಲಾಗುತ್ತದೆ. ಕೊನೆಯ ಹೊಡೆತ ತಾಳದ ಪೆಟ್ಟಿಗಿಂತ ತಡವಾಗಿ ಬಿದ್ದರೆ ಮೇಷ್ಟ್ರು "ಹ್ಞೂಂ, ಎಳೀಬೇಡ" ಎನ್ನುತ್ತಾರೆ. ಮುಂಚೆ ಬಿದ್ದರೆ "ಓಡಬೇಡ". ಪಿಎಲ್‌ಎಲ್‌ನಲ್ಲಿ ಮೇಷ್ಟ್ರ ತಾಳ ಬರುವುದು ಒಂದು ಕ್ರಿಸ್ಟಲ್‌ನಿಂದ. ಸಾಮಾನ್ಯವಾಗಿ 10.24 ಮೆಗಾಹರ್ಟ್ಜ್, ಅದನ್ನು 1024ರಿಂದ ಭಾಗಿಸಿದರೆ ಸರಿಯಾಗಿ 10 ಕಿಲೋಹರ್ಟ್ಜ್. ಶಿಷ್ಯ ಎಂದರೆ ವೋಲ್ಟೇಜ್ ಏರಿಳಿಸಿದಂತೆ ವೇಗ ಏರಿಳಿಯುವ ಒಂದು ಆಸಿಲೇಟರ್. ಎಣಿಕೆ 300 ಎಂದಿಟ್ಟುಕೊಳ್ಳಿ, ಶಿಷ್ಯ 3 ಮೆಗಾಹರ್ಟ್ಜ್‌ನಲ್ಲಿ ನಿಲ್ಲುತ್ತಾನೆ. 301 ಎಂದರೆ 3.01. ಒಂದಂಕಿ ಹೆಚ್ಚಿಸಿದರೆ 10 ಕಿಲೋಹರ್ಟ್ಜ್ ಜಿಗಿತ, ಅಂದರೆ ಪಕ್ಕದ ಚಾನೆಲ್. ಅದನ್ನು ಇನ್ನೊಂದು ಫ್ರೀಕ್ವೆನ್ಸಿಯ ಜೊತೆ ಬೆರೆಸಿ 27ಕ್ಕೆ ತರುವುದು ಮುಂದಿನ ಮಾತು. ಹದಿನಾಲ್ಕು ಕ್ರಿಸ್ಟಲ್ ಹೋಗಿ ಎರಡು ಮೂರಕ್ಕೆ ಇಳಿಯಿತು. ಚೊಕ್ಕ ಲೆಕ್ಕ ಇನ್ನೂ ಒಂದಿದೆ: ಅದೇ 10.24ಕ್ಕೆ 0.455 ಸೇರಿಸಿದರೆ 10.695. 0.455, 10.695 ಎರಡೂ ಎಷ್ಟೋ ಸಿಬಿ ಸೆಟ್‌ಗಳ ಐಎಫ್‌ಗಳು, ಅಂದರೆ ಬಂದ ಸಂಕೇತವನ್ನು ಇಳಿಸಿಕೊಳ್ಳುವ ಮಧ್ಯದ ಫ್ರೀಕ್ವೆನ್ಸಿಗಳು. ಒಂದೇ ಕ್ರಿಸ್ಟಲ್ ತಾಳವನ್ನೂ ಹಾಕುತ್ತದೆ, ಕೇಳುವ ಕಡೆಯೂ ದುಡಿಯುತ್ತದೆ. ಇದನ್ನು ಮೊದಲು ಹೊಳೆಸಿಕೊಂಡವರಿಗೆ ಒಂದು ಲೋಟ ಫಿಲ್ಟರ್ ಕಾಫಿ ಕೊಡಿಸಬೇಕು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಎಣಿಕೆಯನ್ನು ಚಿಪ್‌ಗೆ ಹೇಳುವುದು ಯಾರು? ಚಾನೆಲ್ ನಾಬ್. ಎಪ್ಪತ್ತರ ದಶಕದ ಕೊನೆಯಲ್ಲಿ ಹತ್ತಾರು ಬ್ರ್ಯಾಂಡ್‌ಗಳ ಒಳಗೆ ಕೂತಿದ್ದ ಪಿಎಲ್‌ಎಲ್02ಎ ಎಂಬ ಚಿಪ್‌ಗೆ ಎಣಿಕೆ ಹೇಳಲು ಒಂಬತ್ತು ಕಾಲುಗಳಿದ್ದವು. ಒಂದೊಂದು ಕಾಲಿಗೂ ವೋಲ್ಟೇಜ್ ಇದೆ ಅಥವಾ ಇಲ್ಲ. ಒಂಬತ್ತು ಕಾಲಿಗೆ 512 ಎಣಿಕೆ ಸಾಧ್ಯ. ಬೇಕಾದದ್ದು ನಲವತ್ತು. ಮಿಕ್ಕವುಗಳಿಗೆ ಬೀಗ ಎಂದರೆ ನಾಬಿನ ಹಿಂದಿನ ಸ್ವಿಚ್ಚು ಆ ಜೋಡಣೆಗಳನ್ನು ಮುಟ್ಟುವುದಿಲ್ಲ ಎನ್ನುವುದು ಅಷ್ಟೇ. ಬಾಗಿಲು ತೆರೆದೇ ಇದೆ, ಮುಂದೆ ಪರದೆ ಇಳಿಬಿಟ್ಟಿದ್ದಾರೆ! ಹವ್ಯಾಸಿಗಳು ಒಂದು ಕಾಲಿನ ಹಾದಿ ಕತ್ತರಿಸಿ ಪುಟ್ಟ ಸ್ವಿಚ್ಚು ಬೆಸೆದರು. ಒಂದೇ ಏಟಿಗೆ ಇಡೀ ಸಾಲು ಕೆಳಗೋ ಮೇಲಕ್ಕೋ ಸರಿಯಿತು. ನಡುವೆ ಐದು ಸಣ್ಣ ಗುಟ್ಟಿನ ಜಾಗಗಳೂ ಇದ್ದವು. 26.965ರಿಂದ 27.405ರವರೆಗೆ 10 ಕಿಲೋಹರ್ಟ್ಜ್ ಲೆಕ್ಕದಲ್ಲಿ ಎಣಿಸಿದರೆ 45 ಮನೆ ಬರುತ್ತವೆ, ಚಾನೆಲ್ ಮಾತ್ರ 40. ಬಿಟ್ಟ ಐದು ಮನೆ ರಿಮೋಟ್ ಆಟಿಕೆಗಳಿಗೆ. ಮೊದಲ ತಲೆಮಾರಿನ ತಿದ್ದುಗಾರರು ಮೊದಲು ಹೊಕ್ಕದ್ದು ಅಲ್ಲಿಗೇ.

ಅಮೆರಿಕದ ಸಂವಹನ ಆಯೋಗ ಎಫ್‌ಸಿಸಿ ಸುಮ್ಮನಿರಲಿಲ್ಲ. ನಲವತ್ತರ ಹೊರಗೆ ಸುಲಭವಾಗಿ ಎಳೆಯಬಹುದಾದ ಸೆಟ್‌ಗೆ ಒಪ್ಪಿಗೆ ಸಿಗದಂತಾಯಿತು. ಆಮೇಲೆ ಬಂದ ಎಲ್‌ಸಿ7120, ಎಲ್‌ಸಿ7131ರಂಥ ಚಿಪ್‌ಗಳಲ್ಲಿ ಎಣಿಕೆಯ ಪಟ್ಟಿಯನ್ನು ಚಿಪ್‌ನ ಒಳಗೇ ಅಚ್ಚೊತ್ತಿಟ್ಟರು. ಹೊರಗಿನ ಕಾಲುಗಳಿಂದ ಹೇಳಬಹುದಾದದ್ದು "ಹದಿನೇಳನೇ ಚಾನೆಲ್" ಎಂದಷ್ಟೇ. ಅದಕ್ಕೆ ಎಣಿಕೆ ಎಷ್ಟು ಎಂದು ಚಿಪ್ ತನ್ನ ಪಟ್ಟಿ ನೋಡಿ ತೆಗೆದುಕೊಳ್ಳುತ್ತದೆ. ಪಟ್ಟಿಯಲ್ಲಿಲ್ಲದ್ದನ್ನು ಕೇಳಿದರೆ ಮಾತು ಹೊರಗೆ ಹೋಗುವುದಿಲ್ಲ. ಪಡಿತರ ಅಂಗಡಿಯವನ ಹಾಗೆ, ಕಾರ್ಡಿನಲ್ಲಿ ಇದ್ದರೆ ಉಂಟು. ಹವ್ಯಾಸಿಗಳು ಆಗ ಎಣಿಕೆಯನ್ನು ಬಿಟ್ಟು ಕ್ರಿಸ್ಟಲ್‌ಗೇ ಕೈ ಹಾಕಿದರು: ಅದನ್ನು ಬದಲಿಸಿದರೆ ನಲವತ್ತೂ ಒಟ್ಟಿಗೆ ಬೇರೆಡೆಗೆ ಎದ್ದುಹೋಗುತ್ತವೆ.

ಈಗ ಗೆಳೆಯರ ಸೆಟ್ ನೋಡಿ. ನಾಬ್ ತಿರುಗಿಸಿದರೆ ಅದು ಯಾವ ಚಿಪ್‌ನ ಕಾಲಿಗೂ ತಾಗಿಲ್ಲ; ಪ್ರೊಸೆಸರ್‌ಗೆ "ಒಂದು ಹೆಜ್ಜೆ ಬಲಕ್ಕೆ" ಎಂದು ಹೇಳುತ್ತದೆ, ಉಳಿದದ್ದು ಪ್ರೋಗ್ರಾಮ್. ಹೀಗೆ ಮಾಡಿದ್ದಕ್ಕೆ ಹವ್ಯಾಸಿಗಳ ಕಾಟ ಕಾರಣವಲ್ಲ, ಕಾರ್ಖಾನೆಯ ಲೆಕ್ಕ ಕಾರಣ. ಬ್ರಿಟನ್ 1981ರ ನವೆಂಬರಿನಲ್ಲಿ ಸಿಬಿಗೆ ಒಪ್ಪಿಗೆ ಕೊಟ್ಟಾಗ ತನ್ನದೇ ಬೇರೆ ನಲವತ್ತು ಚಾನೆಲ್ ಗೊತ್ತುಮಾಡಿತು, ಅದೂ ಎಫ್ಎಮ್‌ನಲ್ಲಿ. ಜರ್ಮನಿಯಲ್ಲಿ ಎಂಬತ್ತು ಚಾನೆಲ್. ಅಮೆರಿಕ ಸಿಬಿಯಲ್ಲಿ ಎಫ್ಎಮ್ ಒಪ್ಪಿದ್ದು 2021ರಲ್ಲಿ. ದೇಶಕ್ಕೊಂದು ಬೋರ್ಡ್ ಮಾಡುತ್ತ ಕೂತರೆ ಕಾರ್ಖಾನೆ ಉಳಿಯುವುದಿಲ್ಲ. ಬೋರ್ಡ್ ಒಂದೇ, ಮೆನುವಿನಲ್ಲಿ ದೇಶ ಆರಿಸು. ಮನೆ ಒಂದೇ, ಬಾಡಿಗೆದಾರರಿಗೆ ತಕ್ಕಂತೆ ಕೋಣೆಗೆ ಬೀಗ. ಹೀಗಾಗಿ ತಿದ್ದುಗಾರಿಕೆ ಸಾಲ್ಡರಿಂಗ್ ಐರನ್ ಬಿಟ್ಟು ಯುಎಸ್‌ಬಿ ಕೇಬಲ್ ಹಿಡಿಯಿತು. "ಹಂಗಿದ್ರೆ ಇದು ನನ್ನ ಸಬ್ಜೆಕ್ಟು" ಎಂದ ನಮ್ಮ ಹುಡುಗ, ಮುಖದಲ್ಲಿ ಬೆಳಕು.

ಹೌದು, ಆದರೆ ನನಗೆ ಇದರಲ್ಲಿ ಹೊಟ್ಟೆ ತುಂಬುವುದಿಲ್ಲ. ಮೆನುವಿನಲ್ಲಿ ಒಂದು ಆಯ್ಕೆ ಬದಲಿಸಿದವನಿಗೆ ಪಿಎಲ್‌ಎಲ್ ಅರ್ಥವಾಗಬೇಕಿಲ್ಲ. ಕಾಲು ಕತ್ತರಿಸಿ ಸ್ವಿಚ್ಚು ಬೆಸೆದವನು ಕಾನೂನು ಮುರಿದನೋ ಏನೋ, ಒಂದು, ಎರಡು, ನಾಲ್ಕು, ಎಂಟು ಎಂದು ಏರುವ ಬೈನರಿ ಲೆಕ್ಕವನ್ನಂತೂ ಕಲಿತಿದ್ದ.

ಇನ್ನು ಈ ಸೆಟ್‌ಗಳನ್ನು ಮಾಡಿದ ಊರುಗಳ ಕತೆ. 23 ಚಾನೆಲ್ ಹೋಗಿ 40 ಬರುತ್ತದೆ ಎಂದು 1976ರಲ್ಲೇ ಗೊತ್ತಾದಾಗ ಕೊಳ್ಳುವವರು ಕಾದು ಕೂತರು, ಗೋದಾಮುಗಳಲ್ಲಿ ಹಳೆಯ ಸೆಟ್‌ಗಳು ಬೆಟ್ಟವಾದವು, ಬೆಲೆ ಕುಸಿಯಿತು. ನೆಬ್ರಾಸ್ಕಾದ ಹೈ-ಗೇನ್ ಎಂಬ ಹೆಸರಾಂತ ಕಂಪನಿ ಆ ಹೊಡೆತದಲ್ಲಿ ದಿವಾಳಿಯೆದ್ದಿತು. ಅದು ಬಿಟ್ಟುಹೋದ, ಪೆಟ್ಟಿಗೆಯೂ ಇಲ್ಲದ ಬರಿಯ ಬೋರ್ಡುಗಳು ಅಗ್ಗಕ್ಕೆ ಹ್ಯಾಮ್‌ಗಳ ಕೈಗೆ ಬಂದವು. ಒಳಗಿದ್ದದ್ದು ಅದೇ ಪಿಎಲ್‌ಎಲ್02ಎ. ಅದನ್ನು 28 ಮೆಗಾಹರ್ಟ್ಜ್‌ನ ಹ್ಯಾಮ್ ಪಟ್ಟಿಗೆ ಎತ್ತುವುದು ಅಲ್ಲಿನ ಹವ್ಯಾಸಿಗಳಿಗೆ ಹಬ್ಬವಾಯಿತು. ದೊಡ್ಡ ಪ್ರಮಾಣದ ತಯಾರಿಕೆ ಜಪಾನಿನಿಂದ ತೈವಾನ್‌ಗೆ, ಫಿಲಿಪೈನ್ಸ್‌ಗೆ, ಕೊನೆಗೆ ಚೀನಾಕ್ಕೆ ಹೋಯಿತು. ಜಪಾನಿನ ಯೂನಿಡೆನ್ ತನ್ನ ಹೆಸರಿನಲ್ಲಷ್ಟೇ ಅಲ್ಲ, ಕೋಬ್ರಾ ಬ್ರ್ಯಾಂಡ್‌ನ ಸೆಟ್‌ಗಳನ್ನೂ ಮಾಡಿಕೊಡುತ್ತಿತ್ತು. ಹಾಗಾಗಿ ಮುಖ ಬೇರೆ, ಹೊಟ್ಟೆ ಒಂದೇ ಎಂಬ ಸೆಟ್‌ಗಳು ಬೇಕಾದಷ್ಟಿವೆ. ಹಳೆಯದನ್ನು ರಿಪೇರಿ ಮಾಡುವವನಿಗೆ ಇದು ವರ, ಒಂದರ ಸರ್ಕ್ಯೂಟ್ ಚಿತ್ರ ಸಿಕ್ಕರೆ ನಾಲ್ಕು ಸೆಟ್ ಬಿಚ್ಚಬಹುದು.

ಬಿಡಿಭಾಗಗಳ ವಿಷಯದಲ್ಲಿ ವರ ಮುಗಿಯುತ್ತದೆ. ಹಳೆಯ ಸೆಟ್‌ಗಳಲ್ಲಿ ಕೊನೆಯ ಹಂತದಲ್ಲಿ, ಆಂಟೆನಾಗೆ ಶಕ್ತಿ ತಳ್ಳುವ ಜಾಗದಲ್ಲಿ, ಮಿತ್ಸುಬಿಷಿಯ 2ಎಸ್‌ಸಿ1969ರಂಥ ಟ್ರಾನ್ಸಿಸ್ಟರ್ ಇರುತ್ತಿತ್ತು. ಅದರ ತಯಾರಿಕೆ ನಿಂತು ಕಾಲವಾಯಿತು. ಮಾವನ ಸೆಟ್ಟಿನಲ್ಲಿ ಅದು ಸುಟ್ಟಿತ್ತು. ಎಸ್.ಪಿ. ರಸ್ತೆಗೆ ಹೋದೆ. ಸದರ್ ಪತ್ರಪ್ಪ ರಸ್ತೆಯಲ್ಲಿ ಆ ಸಣ್ಣ ಸಣ್ಣ ಡ್ರಾಯರ್‌ಗಳ ಗೋಡೆ ನೋಡಿದರೆ ಈಗಲೂ ನನಗೆ ಹುಡುಗತನ ಬರುತ್ತದೆ. ಜಾಲಹಳ್ಳಿಯ ಬಿಇಎಲ್‌ನ ಬಿಸಿ148 ಟ್ರಾನ್ಸಿಸ್ಟರ್ ಕೊಂಡು ಜೇಬಲ್ಲಿಟ್ಟುಕೊಂಡು ಬಸ್ಸು ಹತ್ತಿದ ದಿನಗಳು.

"1969 ಇದೆಯಾ?"

"ಇದೆ ಸಾರ್. ಎಷ್ಟು ಬೇಕು?"

"ಒರಿಜಿನಲ್ಲಾ?"

"ಜಪಾನ್ ಮಾಲು ಸಾರ್, ನೋಡಿ ಬೇಕಾದ್ರೆ."

ನೋಡಿದೆ. ಅಕ್ಷರಗಳು ವಿಪರೀತ ಚೆನ್ನಾಗಿದ್ದವು, ಅಲ್ಲೇ ಅನುಮಾನ ಬರಬೇಕಿತ್ತು. ಮನೆಗೆ ತಂದು ಬೆಸೆದು, ಪವರ್ ಮೀಟರ್ ಹಾಕಿ ಮೈಕು ಒತ್ತಿದರೆ ಒಂದು ವ್ಯಾಟ್ ಕೂಡ ಬರಲಿಲ್ಲ, ಅರ್ಧ ನಿಮಿಷಕ್ಕೆ ಬೆರಳಿಡಲಾಗದಷ್ಟು ಬಿಸಿ. ಕಿತ್ತು, ಬೆಂಚ್ ವೈಸ್‌ಗೆ ಕಚ್ಚಿಸಿ ಕಪ್ಪು ಪ್ಲಾಸ್ಟಿಕ್ಕನ್ನು ಅರದಿಂದ ಉಜ್ಜಿದೆ. ಒಳಗಿನ ಸಿಲಿಕಾನ್ ಚೂರು ಅರ್ಧ ಸಾಸಿವೆಯಷ್ಟಿತ್ತು. ಸುಟ್ಟ ಹಳೆಯದನ್ನೂ ಉಜ್ಜಿ ಪಕ್ಕದಲ್ಲಿಟ್ಟೆ, ಅದರ ಚೂರು ಹಲವು ಪಟ್ಟು ದೊಡ್ಡದು. ಯಾವುದೋ ಅಗ್ಗದ ಟ್ರಾನ್ಸಿಸ್ಟರಿನ ಮೇಲೆ ಹಳೆಯ ಹೆಸರು ಬರೆದಿದ್ದರು. ಅಂಗಡಿಯವನನ್ನು ಬೈದು ಫಲವಿಲ್ಲ. ಅವನಿಗೂ ಅದು ಹಾಗೆಯೇ ಬಂದಿರುತ್ತದೆ. ಈಚಿನ ತಯಾರಕರು ಈ ತಲೆನೋವನ್ನೇ ಬಿಟ್ಟು ಐಆರ್‌ಎಫ್520ರಂಥ ಮಾಸ್‌ಫೆಟ್ ಎಂಬ ಬೇರೆ ಜಾತಿಯ ಟ್ರಾನ್ಸಿಸ್ಟರ್ ಹಾಕುತ್ತಾರೆ. ಅದು ಮೂಲತಃ ಪವರ್ ಸಪ್ಲೈ, ಮೋಟಾರುಗಳ ಸ್ವಿಚ್ಚಿನ ಕೆಲಸಕ್ಕೆ ಹುಟ್ಟಿದ್ದು, ಬೆಲೆ ಕಡಿಮೆ; 27 ಮೆಗಾಹರ್ಟ್ಜ್‌ನಲ್ಲಿ ಏದುಸಿರು ಬಿಡುತ್ತಲೇ ದುಡಿಯುತ್ತದೆ. ಹಳೆಯ ಸೆಟ್ಟಿಗೆ ಅದನ್ನು ನೇರವಾಗಿ ಕೂರಿಸಲಾಗದು, ಬಯಾಸ್ ವೋಲ್ಟೇಜ್ ಬೇರೆ ಕೊಡಬೇಕು. ಕೊನೆಗೆ ನಾನು ಹಾಗೆಯೇ ಮಾಡಿದೆ.

ತಿದ್ದುವ ಹವ್ಯಾಸದಲ್ಲಿ ಎಲ್ಲಕ್ಕಿಂತ ಹೆಚ್ಚು ಹೆಸರು ಮಾಡಿರುವುದು, ಮತ್ತು ನನ್ನ ಪ್ರಕಾರ ಎಲ್ಲಕ್ಕಿಂತ ಕಡಿಮೆ ಪ್ರಯೋಜನದ್ದು, ಪವರ್ ಏರಿಸುವುದು. ಅಮೆರಿಕದ ಹೆದ್ದಾರಿ ಬದಿಯ ಸಿಬಿ ಅಂಗಡಿಗಳಲ್ಲಿ "ಪೀಕ್ ಅಂಡ್ ಟ್ಯೂನ್" ಎಂದು ದುಡ್ಡು ತೆಗೆದುಕೊಂಡು ಮಾಡುವ ಕೆಲಸ ಇದೇ: ಒಳಗಿನ ಸ್ಕ್ರೂಗಳನ್ನು ತಿರುಗಿಸಿ 4 ವ್ಯಾಟನ್ನು 6, 8 ಮಾಡುವುದು. ಕೇಳುವವನ ಕಡೆಯಿಂದ ಲೆಕ್ಕ ಹಾಕಿ. ಅವನ ಮೀಟರಿನಲ್ಲಿ ಎಸ್-5, ಎಸ್-6 ಎಂದು ಗೆರೆಗಳಿರುತ್ತವೆ. ಮುಳ್ಳು ಒಂದು ಗೆರೆ ಮೇಲೇರಬೇಕಾದರೆ ಕಳಿಸುವ ಶಕ್ತಿ ನಾಲ್ಕು ಪಟ್ಟಾಗಬೇಕು. 4 ವ್ಯಾಟ್ 8 ಆದರೆ ಅರ್ಧ ಗೆರೆ, 16 ಆದರೆ ಒಂದು ಗೆರೆ. ನೂರು ವ್ಯಾಟಿನ ಆಂಪ್ಲಿಫೈಯರ್ ಕೂರಿಸಿ ಕಾರಿನ ಬ್ಯಾಟರಿ ಹಿಂಡಿದರೂ ಎರಡೂಕಾಲು ಗೆರೆ. ಅದೇ ಹೊತ್ತಿಗೆ ಕಾರಿನ ಮೇಲಿನ ಮೊಳದುದ್ದದ ಆಂಟೆನಾ ತೆಗೆದು, ತರಂಗದ ಕಾಲು ಭಾಗದ ಉದ್ದ, ಅಂದರೆ ಎಂಟೂವರೆ ಅಡಿಯ ಕಡ್ಡಿ ನಿಲ್ಲಿಸಿದವನು ಸೆಟ್ಟಿಗೆ ಸ್ಕ್ರೂಡ್ರೈವರ್ ಮುಟ್ಟಿಸದೆ ಕಳಿಸುವಾಗಲೂ ಗೆಲ್ಲುತ್ತಾನೆ, ಕೇಳುವಾಗಲೂ ಗೆಲ್ಲುತ್ತಾನೆ. ಇಷ್ಟಿದ್ದೂ ಜನ ಸ್ಕ್ರೂ ತಿರುಗಿಸುತ್ತಾರೆ, ಯಾಕೆಂದರೆ ತಮ್ಮ ಮೀಟರಿನ ಮುಳ್ಳು ತಮಗೆ ಕಾಣುತ್ತದೆ. ಆ ಸ್ಕ್ರೂಗಳೂ ಒರಟು ಕೈಗೆ ಹೇಳಿಮಾಡಿಸಿದವಲ್ಲ. ಐಎಫ್‌ಟಿಯ ತಲೆ ಫೆರೈಟ್, ಬಿಸ್ಕತ್ತಿನ ಹಾಗೆ. ಕಬ್ಬಿಣದ ಸ್ಕ್ರೂಡ್ರೈವರ್ ಹಾಕಿ ಒತ್ತಿದರೆ ಎರಡು ಹೋಳು. ನಾನು ಅಮ್ಮನ ಹಳೆಯ ಪ್ಲಾಸ್ಟಿಕ್ ಹೆಣಿಗೆ ಕಡ್ಡಿಯ ತುದಿಯನ್ನು ಚಪ್ಪಟೆ ಉಜ್ಜಿಟ್ಟುಕೊಂಡಿದ್ದೇನೆ.

ಇನ್ನೊಂದು ಹಳೆಯ ಚಟ, ಮಾಡ್ಯುಲೇಷನ್ ಲಿಮಿಟರ್ ಕತ್ತರಿಸುವುದು. ಎಎಮ್‌ನಲ್ಲಿ ನಮ್ಮ ದನಿ ಒಂದು ವಾಹಕ ತರಂಗದ ಎತ್ತರವನ್ನು ಏರಿಳಿಸುತ್ತದೆ. ನೂರಕ್ಕೆ ನೂರು ಏರಿಳಿಸಿದಾಗ 4 ವ್ಯಾಟಿನ ತರಂಗ ತುದಿಯಲ್ಲಿ 16 ವ್ಯಾಟ್ ಮುಟ್ಟುತ್ತದೆ, ತಗ್ಗಿನಲ್ಲಿ ಸೊನ್ನೆ. ಅದಕ್ಕಿಂತ ಜೋರಾಗಿ ಕೂಗಿದರೆ ಸೊನ್ನೆಯ ಕೆಳಗೆ ಹೋಗಲು ಜಾಗವಿಲ್ಲ, ತರಂಗ ಅಲ್ಲಿ ಕತ್ತರಿಸಿಹೋಗುತ್ತದೆ. ಕತ್ತರಿಸಿದ ಅಂಚು ಅಕ್ಕಪಕ್ಕದ ಚಾನೆಲ್‌ಗಳಿಗೆಲ್ಲ ಗೊರಗೊರ ಚೆಲ್ಲುತ್ತದೆ. ಅದನ್ನು ತಡೆಯುವ ಕಾವಲುಗಾರನೇ ಆ ಲಿಮಿಟರ್ ಟ್ರಾನ್ಸಿಸ್ಟರ್. ಅದನ್ನು ಕಿತ್ತವನಿಗೆ ತನ್ನ ದನಿ ದಪ್ಪವಾಯಿತೆಂಬ ಖುಷಿ, ಊರಿಗೆಲ್ಲ ಕಿರಿಕಿರಿ.

ಹಾರ್ಮೋನಿಕ್‌ಗಳದ್ದು ಇನ್ನೂ ಗಂಭೀರ. ಶಕ್ತಿ ಮಿತಿ ಮೀರಿ ಹಿಂಡಿದ ಟ್ರಾನ್ಸಿಸ್ಟರ್ 27ನ್ನಷ್ಟೇ ಕಳಿಸದೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟನ್ನೂ ಕಳಿಸುತ್ತದೆ. ಎರಡರಷ್ಟು 54, ಅಮೆರಿಕದಲ್ಲಿ ಟಿವಿಯ ಎರಡನೇ ಚಾನೆಲ್ ಶುರುವಾಗುತ್ತಿದ್ದದ್ದೇ ಅಲ್ಲಿಂದ, ಅದಕ್ಕೇ ಸಿಬಿ ಎಂದರೆ ಪಕ್ಕದ ಮನೆಯ ಟಿವಿಯಲ್ಲಿ ಪಟ್ಟೆ ಎಂದು ಹೆಸರಾಗಿತ್ತು. ನಾಲ್ಕರಷ್ಟು ಸುಮಾರು 108. 108ರಿಂದ 112ರ ನಡುವೆ ವಿಮಾನಗಳು ರನ್‌ವೇಯ ನೇರಕ್ಕೆ ಇಳಿಯಲು ನಂಬಿಕೊಳ್ಳುವ ಲೋಕಲೈಸರ್ ಸಂಕೇತಗಳಿವೆ. ಇದನ್ನು ತಡೆಯಲೆಂದೇ ಸೆಟ್ಟಿನ ಕೊನೆಯಲ್ಲಿ ಫಿಲ್ಟರ್ ಇರುತ್ತದೆ. ಆದರೆ ಅಗ್ಗದ ಆಂಪ್ಲಿಫೈಯರ್‌ಗಳಲ್ಲಿ ಮೊದಲು ಮಾಯವಾಗುವುದೂ ಅದೇ. ದೇವನಹಳ್ಳಿ ಕಡೆ ವಿಮಾನಗಳು ಸಾಲುಗಟ್ಟಿ ಇಳಿಯುವುದನ್ನು ತಾರಸಿಯಿಂದ ನೋಡುವಾಗ ಈ ಗುಣಾಕಾರ ನನಗೆ ಸುಮ್ಮನೆ ನೆನಪಾಗುತ್ತದೆ.

ಎಲ್ಲ ತಿದ್ದುಪಡಿಯೂ ಕೇಡಿನದಲ್ಲ. ಎಸ್‌ಎಸ್‌ಬಿ (ಸಿಂಗಲ್ ಸೈಡ್‌ಬ್ಯಾಂಡ್, ವಾಹಕ ತರಂಗ ಬಿಟ್ಟು ಒಂದು ಬದಿಯನ್ನಷ್ಟೇ ಕಳಿಸುವ ರೀತಿ) ಇರುವ ಸೆಟ್‌ಗಳಲ್ಲಿ ಎದುರಿನವರ ಫ್ರೀಕ್ವೆನ್ಸಿಗೆ ಕಿಂಚಿತ್ ಹೊಂದಿಸಿಕೊಳ್ಳಲು ಕ್ಲಾರಿಫೈಯರ್ ನಾಬ್ ಇರುತ್ತದೆ. ಹೊಂದದಿದ್ದರೆ ಮಾತು ಬಾತುಕೋಳಿ ಕೂಗಿದಂತೆ ಕೇಳುತ್ತದೆ. ಕಾರ್ಖಾನೆಯವರು ಅದನ್ನು ಕೇಳುವ ಕಡೆಗೆ ಮಾತ್ರ ಕಟ್ಟಿರುತ್ತಾರೆ. ಹ್ಯಾಮ್ ಪಟ್ಟಿಗೆ ಎತ್ತಿದ ಸೆಟ್ಟಿನಲ್ಲಿ ಅದನ್ನು ಕಳಿಸುವ ಕಡೆಗೂ ಬಿಚ್ಚಿಕೊಳ್ಳುವುದು ನ್ಯಾಯವಾದ ಕೆಲಸ, ಒಳ್ಳೆಯ ಪಾಠ ಕೂಡ.

ಹುಡುಗ ಕೇಳಿದ, "ಹಂಗಾದ್ರೆ ಇಲ್ಲಿ ಏನು ಮಾಡಬೋದು, ಏನು ಮಾಡಬಾರದು?" ಬಿಗಿಯಾಗಿಯೇ ಹೇಳಿದೆ. 1885ರ ಟೆಲಿಗ್ರಾಫ್ ಕಾಯ್ದೆ, 1933ರ ವೈರ್‌ಲೆಸ್ ಕಾಯ್ದೆಗಳ ಜಾಗಕ್ಕೆ ಈಗ 2023ರ ದೂರಸಂಪರ್ಕ ಕಾಯ್ದೆ ಬಂದಿದೆ. ಮಾತಾಡುವ ರೇಡಿಯೋವನ್ನು ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತರಿಸಿಕೊಂಡು ಬಳಸುವುದು ತಪ್ಪು. ಇಲ್ಲಿ ತರಲು ಕೇಂದ್ರದಲ್ಲಿ ರೇಡಿಯೋ ಫ್ರೀಕ್ವೆನ್ಸಿಗಳನ್ನು ನೋಡಿಕೊಳ್ಳುವ ಡಬ್ಲ್ಯುಪಿಸಿ ವಿಭಾಗದ ಒಪ್ಪಿಗೆ ಇರಬೇಕು. ದಾರಿ ಇಲ್ಲವೆಂದಲ್ಲ. ಹನ್ನೆರಡು ವರ್ಷ ತುಂಬಿದವರು ಯಾರೇ ಆದರೂ ಹ್ಯಾಮ್ ಪರೀಕ್ಷೆ ಬರೆಯಬಹುದು, ಅರ್ಜಿ ಸರಳ ಸಂಚಾರ್ ಪೋರ್ಟಲ್‌ನಲ್ಲಿ. ಬೆಂಗಳೂರಿನಲ್ಲಿ ಹ್ಯಾಮ್ ಕ್ಲಬ್‌ಗಳಿಗೆ ಬರವಿಲ್ಲ, ಕಲಿಸುವವರೂ ಇದ್ದಾರೆ. ಪಾಸಾದರೆ 28ರಿಂದ 29.7 ಮೆಗಾಹರ್ಟ್ಜ್ ನಿಮ್ಮದು. ಸಿಬಿಯ ಪಕ್ಕದ ಬೀದಿ, ಅಲ್ಲಿ ನಿಮ್ಮ ಕೈಯಾರೆ ಕಟ್ಟಿದ ಸೆಟ್ಟಿನಲ್ಲೇ ಮಾತಾಡಬಹುದು. ಆದರೆ ಹ್ಯಾಮ್ ಲೈಸೆನ್ಸ್ ಇದೆಯೆಂದು 27ರಲ್ಲಿ ಮಾತಾಡುವಂತಿಲ್ಲ. ಮಾವನ ಸೆಟ್ ಈಗ ಆ ಪಟ್ಟಿ ಬಿಟ್ಟು 28ಕ್ಕೆ ಬಂದಿದೆ. ಬರುವವರೆಗೆ ಅದರ ಪ್ರಯೋಗವೆಲ್ಲ, ಆಂಟೆನಾ ಬದಲು ನಿಂತು ಶಕ್ತಿಯನ್ನು ಶಾಖವಾಗಿ ನುಂಗುವ ಡಮ್ಮಿ ಲೋಡ್ ಮೇಲೆ: ಒಂದು ಕಿಲೋ ಓಮ್‌ನ ಒಂದು ವ್ಯಾಟ್ ಕಾರ್ಬನ್ ರೆಸಿಸ್ಟರ್ ಇಪ್ಪತ್ತನ್ನು ಎರಡು ತಾಮ್ರದ ಬಿಲ್ಲೆಗಳ ನಡುವೆ ಪಕ್ಕಪಕ್ಕ ಬೆಸೆದರೆ ಸರಿಯಾಗಿ 50 ಓಮ್, ಇಪ್ಪತ್ತು ವ್ಯಾಟ್ ತಡೆಯುತ್ತದೆ. ತಂತಿ ಸುತ್ತಿದ ರೆಸಿಸ್ಟರ್ ಬೇಡ, ಅದು ಕಾಯಿಲ್ ಆಗಿ ಕೂರುತ್ತದೆ.

ನಿಜಕ್ಕೂ ಬಿಚ್ಚಿ ಕಲಿಯಬೇಕೆನ್ನುವವರಿಗೆ ಹಳೆಯ ಸಿಬಿಯೇ ಬೇಕೆಂದಿಲ್ಲ. ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರ ಬಿಟ್ಎಕ್ಸ್ ಎಂಬ ಎಸ್‌ಎಸ್‌ಬಿ ಸೆಟ್ಟಿನ ವಿನ್ಯಾಸ ಜಗತ್ತಿನ ಹವ್ಯಾಸಿಗಳಿಗೆಲ್ಲ ಗೊತ್ತು. ನಮ್ಮ ಊರುಗಳಲ್ಲಿ ಸಿಗುವ ಸಾಮಾನುಗಳಲ್ಲೇ ಕಟ್ಟಬೇಕೆಂದು ಹೊರಟ ವಿನ್ಯಾಸ ಅದು. ಮೊದಲ ಆವೃತ್ತಿಯಲ್ಲಿ ಕಾಯಿಲ್ ಸುತ್ತಲು ದುಬಾರಿ ಟೊರಾಯಿಡ್ (ಬಳೆಯಾಕಾರದ ಕೋರ್) ಬದಲು ನಲ್ಲಿಯ ವಾಷರ್ ಬಳಸಿದ್ದರು. ಕೊನೆಯ ಹಂತದಲ್ಲಿ ಐಆರ್‌ಎಫ್510, ಈ ಹೊಸ ಸಿಬಿಗಳಲ್ಲಿರುವ 520ರ ತಮ್ಮ. ನಮ್ಮ ಹುಡುಗ ಅಡುಗೆಮನೆಯ ನಲ್ಲಿಯ ಕಡೆ ಒಮ್ಮೆ ನೋಡಿದ.

ಸಂಜೆ ತಾರಸಿಗೆ ಹೋಗಿ, ಬಟ್ಟೆ ಒಣಹಾಕುವ ಕಂಬಕ್ಕೆ ಆಂಟೆನಾ ತಂತಿ ಬಿಗಿದು, ಕೇಬಲ್ಲನ್ನು ಕಿಟಕಿಯಿಂದ ಒಳಗೆಳೆದು ಮಾವನ ಸೆಟ್ಟಿಗೆ ಹಾಕಿದೆವು. ಮುಳ್ಳು ಎಸ್-7ಕ್ಕೆ ಏರಿ ನಿಂತಿತು. ಯಾರೂ ಮಾತಾಡುತ್ತಿಲ್ಲ, ಬರಿಯ ಗೊರ್ ಎನ್ನುವ ಸದ್ದು. ಊರಿನ ಇವತ್ತಿನ ರೋಗ ಇದು. ಎಲ್‌ಇಡಿ ಬಲ್ಬು, ಚಾರ್ಜರ್, ಇನ್ವರ್ಟರ್, ಎಲ್ಲದರ ಒಳಗೂ ಒಂದೊಂದು ಸ್ವಿಚಿಂಗ್ ಸಪ್ಲೈ, ಎಲ್ಲವೂ ಸಣ್ಣ ಸಣ್ಣ ಕಳ್ಳ ಟ್ರಾನ್ಸ್‌ಮಿಟರುಗಳು. ನಾಲ್ಕು ವ್ಯಾಟನ್ನು ನಲವತ್ತು ಮಾಡಿದರೂ ಈ ಗದ್ದಲದ ಕೆಳಗೆ ಮುಳುಗಿದವರ ದನಿ ನಮಗೆ ಕೇಳುವುದಿಲ್ಲ. ಹುಡುಗನ ಕೈಗೆ ಪಾಕೆಟ್ ಟ್ರಾನ್ಸಿಸ್ಟರ್ ಕೊಟ್ಟೆ. 612ರ ಬೆಂಗಳೂರು ಆಕಾಶವಾಣಿಯನ್ನು ದಾಟಿ, ಯಾವ ನಿಲಯವೂ ಇಲ್ಲದ ಜಾಗದಲ್ಲಿ ಇಟ್ಟುಕೊಂಡು ಮನೆಯೆಲ್ಲ ಓಡಾಡು, ಗೊರಗುಟ್ಟುವುದು ಎಲ್ಲಿ ಹೆಚ್ಚಾಗುತ್ತದೆ ನೋಡು ಎಂದೆ. ಟಿವಿಯ ಹತ್ತಿರ ಸ್ವಲ್ಪ, ವೈಫೈ ಡಬ್ಬಿಯ ಹತ್ತಿರ ಇನ್ನೂ ಸ್ವಲ್ಪ. ದೇವರ ಮನೆಯ ಬಾಗಿಲಿಗೆ ಬಂದಾಗ ಟ್ರಾನ್ಸಿಸ್ಟರ್ ಕಿರುಚಿಕೊಂಡಿತು. ಪಟಗಳ ಸುತ್ತ ಮಿಣುಕುವ ಎಲ್‌ಇಡಿ ಸರದ ಅಡಾಪ್ಟರ್. ಹುಡುಗ ಪ್ಲಗ್ ಕಿತ್ತ. ಮೇಜಿನ ಮೇಲೆ ಮುಳ್ಳು ಎಸ್-2ಕ್ಕೆ ಬಿತ್ತು, ಸ್ಪೀಕರಿನಲ್ಲಿ ದೂರದ ಯಾರದೋ ಮೋರ್ಸ್ ತೆಳ್ಳಗೆ ಮೇಲೆದ್ದಿತು.

"ಯಾರೋ ಅದು ದೇವರ ದೀಪ ಆರಿಸಿದ್ದು?" ಅಮ್ಮ ಒಳಗಿಂದ ಕೂಗಿದರು.

"ಅಜ್ಜೀ, ಹತ್ತೇ ನಿಮಿಷ!"

ಅಮ್ಮ ಬಂದು ನಮ್ಮಿಬ್ಬರನ್ನೂ ನೋಡಿ, ಏನೂ ಹೇಳದೆ, ಎಣ್ಣೆ ಬಾಟಲಿ ಹುಡುಕಲು ಹೋದರು.